ಅಜ್ಜಿಯ ಚಟ್ನಿ, ಮೊಮ್ಮಗನ ಅರ್ಜಿ

ರೈಲು ಹಳಿ ಮುಗಿದುಹೋಗುವ ಜಾಗ ಹೇಗಿರುತ್ತದೆ ಎಂದು ನೋಡಬೇಕಾದರೆ ಉತ್ತರಾಖಂಡದ ಕಾಠಗೋದಾಮ್‌ಗೆ ಹೋಗಬೇಕು. ಹಳೇ ದೆಹಲಿಯಲ್ಲಿ ರಾತ್ರಿ ಹೊರಡುವ ರಾಣಿಖೇತ್ ಎಕ್ಸ್‌ಪ್ರೆಸ್ ಬೆಳಗಿನ ಜಾವ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಮುಂದೆ ಹಳಿಯಿಲ್ಲ. ಎದುರಿಗೆ ಕುಮಾವೂಂ ಬೆಟ್ಟಗಳು ಗೋಡೆಯಂತೆ ಎದ್ದು ನಿಂತಿರುತ್ತವೆ. ಅಲ್ಲಿಂದಾಚೆಗೆ ಜೀಪೇ ಗತಿ. ಹತ್ತು ಜನ ತುಂಬುವವರೆಗೆ ಚಾಲಕ ಹೊರಡುವುದಿಲ್ಲ, ಹೊರಟ ಮೇಲೆ ಬಿಸಿ ಚಹಾ ಸಿಗುವ ತಿರುವು ಬರುವವರೆಗೆ ನಿಲ್ಲಿಸುವುದಿಲ್ಲ.

ಭವಾಲಿ ದಾಟಿ, ಕೋಸಿ ನದಿಯ ಪಕ್ಕದಲ್ಲೇ ಸಾಗಿ, ಅಲ್ಮೋರಾ ಕಡೆಗೆ ಹತ್ತುವಾಗ ರಸ್ತೆಯಂಚಿನಲ್ಲಿ ಒಂದು ಗಿಡ ಪದೇ ಪದೇ ಕಾಣುತ್ತಿತ್ತು. ಆಳೆತ್ತರದ ನೆಟ್ಟನೆಯ ಕಾಂಡ. ಬಿಡಿಸಿಟ್ಟ ಬೆರಳುಗಳಂಥ ಎಲೆ, ಅಂಚಿಗೆ ಗರಗಸದ ಹಲ್ಲು. ಅದು ನವೆಂಬರ್ ತಿಂಗಳು, ಹೆಚ್ಚಿನವು ಒಣಗಿ ಕಂದಾಗಿದ್ದವು. ಯಾರೂ ಬಿತ್ತಿದ್ದಲ್ಲ, ತಾನಾಗಿ ಎದ್ದದ್ದು. "ಅದು ಭಾಂಗ್," ಎಂದ ಚಾಲಕ. ನಾವು ಕನ್ನಡದಲ್ಲಿ ಭಂಗಿ ಎನ್ನುವುದು ಅದನ್ನೇ. ನನ್ನ ಹುಬ್ಬು ಏರಿದ್ದನ್ನು ಕನ್ನಡಿಯಲ್ಲಿ ನೋಡಿ ನಕ್ಕು, "ಹೆದರಬೇಡಿ, ಅದರ ಬೀಜದ ಚಟ್ನಿ ತಿನ್ನದೆ ಈ ಬೆಟ್ಟದಿಂದ ಯಾರೂ ಇಳಿಯುವುದಿಲ್ಲ," ಎಂದು ಸೇರಿಸಿದ.

ನಾನು ಹೊರಟಿದ್ದು ಅಲ್ಮೋರಾದಿಂದ ಒಂದು ಗಂಟೆ ಆಚೆಗಿನ ಪುಟ್ಟ ಹಳ್ಳಿಗೆ. ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಐದು ವರ್ಷ ದುಡಿದು, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿದ ಹುಡುಗನೊಬ್ಬ ನನಗೆ ಪರಿಚಯ. "ಇಲ್ಲೇ ಹೆಂಪ್ ಬೆಳೆದು ಬದುಕುತ್ತೇನೆ, ಒಮ್ಮೆ ಬಂದು ನೋಡಿ ದಾಜ್ಯೂ," ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದ. ದಾಜ್ಯೂ ಎಂದರೆ ಕುಮಾವೂಂ ಮಾತಿನಲ್ಲಿ ಅಣ್ಣ. ಹೆಂಪ್ ಎಂದರೆ ಇದೇ ಭಂಗಿ ಗಿಡದ, ಅಮಲು ತೀರಾ ಕಡಿಮೆ ಇರುವ ತಳಿ. ಮನೆ ತಲುಪಿದಾಗ ಅವನು ಕೇಳಿದ ಮೊದಲ ಮಾತು ಅಚ್ಚ ಕನ್ನಡದ್ದು: "ಊಟ ಆಯ್ತಾ?"

ಊಟ ಬಡಿಸಿದವರು ಅವನ ಅಜ್ಜಿ. ಅಲ್ಲಿ ಅಜ್ಜಿಗೆ ಆಮಾ ಎನ್ನುತ್ತಾರೆ. ತಟ್ಟೆಯಲ್ಲಿ ಕಪ್ಪು ರೊಟ್ಟಿ ನೋಡಿ ಒಂದು ಚೂರು ಮುರಿದು ಬಾಯಿಗಿಟ್ಟೆ. ಅದು ನಮ್ಮ ರಾಗಿಯೇ! ಅವರು ಮಡುವಾ ಎನ್ನುತ್ತಾರೆ. ಜೊತೆಗೆ ಒಗ್ಗರಣೆ ಆಲೂಗಡ್ಡೆ, ಮತ್ತೆ ಬೂದು-ಹಸಿರು ಬಣ್ಣದ ಒಂದು ಚಟ್ನಿ. ಭಂಗಿ ಬೀಜವನ್ನು ಕಾವಲಿಯ ಮೇಲೆ ಚಟಪಟ ಎನ್ನುವವರೆಗೆ ಹುರಿದು, ಹಸಿಮೆಣಸು, ಉಪ್ಪು, ಕೊತ್ತಂಬರಿ ಸೊಪ್ಪು ಸೇರಿಸಿ ಕಲ್ಲಿನ ಮೇಲೆ ಅರೆದು, ಬೆಟ್ಟದ ದಪ್ಪ ನಿಂಬೆಯ ಹುಳಿ ಹಿಂಡಿದ್ದರು. ನಮ್ಮ ಹುಚ್ಚೆಳ್ಳು ಚಟ್ನಿಯ ದೂರದ ನೆಂಟನ ಹಾಗಿತ್ತು ರುಚಿ.

"ತಲೆ ತಿರುಗುವುದಿಲ್ಲವೇ ಆಮಾ?" ಎಂದು ಕೇಳಿದೆ.

"ಬೀಜಕ್ಕೆ ತಲೆ ತಿರುಗುವುದಾದರೆ ನಾನು ಎಂಬತ್ತು ವರ್ಷ ನೆಟ್ಟಗೆ ನಡೆಯುತ್ತಿದ್ದೆನೇ ಬೇಟಾ?" ಎಂದರು ಅವರು.

ಮಕ್ಕಳೇ, ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಈ ಗಿಡದಲ್ಲಿ ಅಮಲು ತರುವ ವಸ್ತುವಿಗೆ ಟಿಎಚ್‌ಸಿ ಎಂದು ಹೆಸರು. ಅದು ಹೆಚ್ಚಾಗಿ ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿರುತ್ತದೆ. ಗಾಂಜಾ ಎನ್ನುವುದು ಆ ಹೂತುದಿಗೆ. ಅದು ಆರೋಗ್ಯಕ್ಕೂ ಕೇಡು, ಕಾನೂನಿಗೂ ವಿರುದ್ಧ. ಬೀಜದ ತಿರುಳಿನಲ್ಲಿ ಅಮಲಿಲ್ಲ. ಅದರಲ್ಲಿರುವುದು ಸುಮಾರು ಕಾಲುಭಾಗ ಪ್ರೋಟೀನು, ಅಷ್ಟೇ ಅಥವಾ ಇನ್ನೂ ಸ್ವಲ್ಪ ಹೆಚ್ಚು ಎಣ್ಣೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ 2021ರಲ್ಲಿ ಈ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಒಪ್ಪಿಕೊಂಡಿದೆ. ಆದರೆ ಗಿಡ ಎಲ್ಲೇ ಕಂಡರೂ ಕಿತ್ತು ಮನೆಗೆ ತರುವ ಸಾಹಸ ಬೇಡ.

ಊಟವಾದ ಮೇಲೆ ಆಮಾ ಅಟ್ಟದಿಂದ ಒಂದು ಹಗ್ಗ ಇಳಿಸಿದರು. ಅವರ ಮಾವ ಹೊಸೆದದ್ದಂತೆ. ಎಮ್ಮೆ ಕಟ್ಟಿ ಕಟ್ಟಿ ನುಣುಪಾಗಿತ್ತು, ಇನ್ನೂ ಹರಿದಿರಲಿಲ್ಲ. ಹಿಂದೆ ಇಲ್ಲಿ ಬೀಜ ಕೊಯ್ದ ಮೇಲೆ ಕಾಂಡಗಳನ್ನು ಕಟ್ಟು ಕಟ್ಟಿ ಹಳ್ಳದಲ್ಲಿ 10-15 ದಿನ ನೆನೆಹಾಕುತ್ತಿದ್ದರು. ತೊಗಟೆ ಕೊಳೆತು ಸಡಿಲವಾದಾಗ ಸುಲಿದು, ಬಡಿದು, ತೊಳೆದು ನಾರು ತೆಗೆಯುತ್ತಿದ್ದರು. ಹಗ್ಗ, ಧಾನ್ಯ ತುಂಬುವ ಚೀಲ, ಚಳಿಗೆ ಹೊದೆಯುವ ಒರಟು ಬಟ್ಟೆ ಎಲ್ಲವೂ ಅದರದ್ದೇ. ಉತ್ತರ ಕರ್ನಾಟಕದ ಅಜ್ಜ-ಅಜ್ಜಿಯರಿಗೆ ಇದು ಹೊಸದೇನಲ್ಲ. ಪುಂಡಿಯ ಸೊಪ್ಪನ್ನು ಪಲ್ಯಕ್ಕೆ ಇಟ್ಟುಕೊಂಡು, ಕಾಂಡವನ್ನು ಕೆರೆಯಲ್ಲಿ ನೆನೆಸಿ ನಾರು ಸುಲಿದು ಹಗ್ಗ ಹೊಸೆದ ಕೈಗಳು ನಮ್ಮಲ್ಲೂ ಇವೆ. ಪುಂಡಿ, ಸೆಣಬು, ಭಂಗಿ ಮೂರೂ ಬೇರೆ ಬೇರೆ ಗಿಡಗಳು, ಆದರೆ ಕೆಲಸದ ರೀತಿ ಒಂದೇ. ಚಿತ್ರ ಬರೆಯುವ 'ಕ್ಯಾನ್ವಾಸ್' ಬಟ್ಟೆಯ ಹೆಸರೂ ಈ ಗಿಡದ ಲ್ಯಾಟಿನ್ ಹೆಸರಾದ 'ಕ್ಯಾನಬಿಸ್'ನಿಂದಲೇ ಬಂದದ್ದು. ಯುರೋಪಿನ ಹಾಯಿಹಡಗುಗಳ ಹಾಯಿ, ಹಗ್ಗಗಳನ್ನು ಶತಮಾನಗಳ ಕಾಲ ಹೊತ್ತದ್ದು ಇದೇ ನಾರು.

ಸಂಜೆ ಹುಡುಗ ಊರು ತೋರಿಸಲು ಕರೆದೊಯ್ದ. ಕಲ್ಲಿನ ಗೋಡೆ, ಚಪ್ಪಡಿಯ ಸೂರು, ಕೆತ್ತನೆಯ ಕಿಟಕಿಗಳ ಚೆಂದದ ಮನೆಗಳು ಸಾಲಾಗಿದ್ದವು. ಕೆಳಗೆ ದನಕ್ಕೆ, ಮೇಲೆ ಜನಕ್ಕೆ. ಆದರೆ ಹನ್ನೊಂದು ಮನೆಗಳಲ್ಲಿ ಏಳಕ್ಕೆ ಬೀಗ. ಒಂದರ ಸೂರು ಕುಸಿದು ಒಳಗೆ ಅಂಜೂರದ ಗಿಡ ಬೆಳೆದಿತ್ತು. 2011ರ ಜನಗಣತಿಯಲ್ಲೇ ಉತ್ತರಾಖಂಡದ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಬ್ಬರೂ ವಾಸವಿರಲಿಲ್ಲ. ಜನ ಏಕೆ ಬೆಟ್ಟ ಬಿಟ್ಟು ಹೋಗುತ್ತಾರೆಂದು ತಿಳಿಯಲು ಸರ್ಕಾರ 2017ರಲ್ಲಿ ಒಂದು ಆಯೋಗವನ್ನೇ ರಚಿಸಿತು. ಕೆಲಸವಿಲ್ಲ ಎನ್ನುವುದು ಎಲ್ಲರೂ ಕೊಡುವ ಮೊದಲ ಉತ್ತರ. ಮೆಟ್ಟಿಲು ಹೊಲದಲ್ಲಿ ಗೋಧಿ ಹಾಕಿದರೆ ಕೋತಿ, ಆಲೂಗಡ್ಡೆ ಹಾಕಿದರೆ ಕಾಡುಹಂದಿ. ನೀರು ಆಕಾಶದಿಂದ ಬಿದ್ದರೆ ಉಂಟು.

"ಇದಕ್ಕೆ ನೀರು ಕಡಿಮೆ ಸಾಕು, ಕೋತಿಗಳೂ ಹತ್ತಿರ ಬರುವುದಿಲ್ಲ. ಅದಕ್ಕೇ ಇದರ ಮೇಲೆ ಮನಸ್ಸು ಮಾಡಿದೆ," ಎಂದ ಅವನು.

ಮನಸ್ಸು ಮಾಡಿದ ಮಾತ್ರಕ್ಕೆ ಬಿತ್ತುವ ಹಾಗಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಈ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಜೈಲು ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯ್ದೆ ಇನ್ನೊಂದು ಬಾಗಿಲನ್ನೂ ಇಟ್ಟಿದೆ: ನಾರಿಗಾಗಿ, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು. 2018ರಲ್ಲಿ ದೇಶದಲ್ಲೇ ಮೊದಲು ಆ ಬಾಗಿಲು ತೆರೆದ ರಾಜ್ಯ ಉತ್ತರಾಖಂಡ. ಷರತ್ತು ಬಿಗಿಯಾಗಿದೆ. ಗಿಡದಲ್ಲಿ ಟಿಎಚ್‌ಸಿ ಪ್ರಮಾಣ ಶೇ. 0.3 ಮೀರಬಾರದು. ಸಾವಿರ ಗ್ರಾಂ ಒಣ ಗಿಡದಲ್ಲಿ ಮೂರೇ ಗ್ರಾಂ ಎಂದು ಲೆಕ್ಕ ಹಾಕಿಕೊಳ್ಳಿ. ಮೀರಿದರೆ ನಿಂತ ಬೆಳೆಯನ್ನೇ ನಾಶ ಮಾಡಬೇಕು.

ರಾತ್ರಿ ಅವನು ಒಂದು ಕಡತ ಬಿಚ್ಚಿದ. ಹೊಲ ಎಲ್ಲಿದೆ, ಎಷ್ಟಿದೆ, ಕೊಯ್ದದ್ದನ್ನು ಎಲ್ಲಿಡುತ್ತೇವೆ, ಯಾರು ಕೊಳ್ಳುತ್ತಾರೆ ಎಂದು ಎಲ್ಲ ಬರೆದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅವನದು 12 ನಾಲಿ ಜಮೀನು. ಒಂದು ನಾಲಿ ಎಂದರೆ ನಮ್ಮ ಸುಮಾರು ಎರಡು ಗುಂಟೆ; 20 ನಾಲಿ ಸೇರಿದರೆ ಒಂದು ಎಕರೆ. ಅಷ್ಟೂ ಅವನದೆನ್ನಲು ಕಾಗದವಿಲ್ಲ. ಖಾತೆ ಇನ್ನೂ ಮುತ್ತಜ್ಜನ ಹೆಸರಿನಲ್ಲಿದೆ. ಹದಿನಾಲ್ಕು ಪಾಲುದಾರರು ದೆಹಲಿ, ಲಖನೌ, ಮುಂಬೈಗಳಲ್ಲಿದ್ದಾರೆ. ಬೆಟ್ಟದಲ್ಲಿ ಇಂಥ ಕೂಡುಖಾತೆಗೆ 'ಗೋಲ್ ಖಾತಾ' ಎನ್ನುತ್ತಾರೆ. ಒಂಬತ್ತು ಜನ ಒಪ್ಪಿ ಸಹಿ ಹಾಕಿದ್ದಾರೆ. ಉಳಿದವರಲ್ಲಿ ಇಬ್ಬರು, "ಭಂಗಿ ಬೆಳೆಯುತ್ತೀಯಾ? ಮನೆತನದ ಮರ್ಯಾದೆ ಏನಾಗಬೇಕು?" ಎಂದು ಫೋನು ಇಟ್ಟರಂತೆ.

ಅದನ್ನು ಕೇಳಿ ಆಮಾ ಮೂಲೆಯಿಂದಲೇ ಗದರಿದರು: "ಅವರಿಬ್ಬರೂ ಇದೇ ನಾರಿನ ಚೀಲದ ಮೇಲೆ ಮಲಗಿ ಬೆಳೆದವರು!"

ಅಜ್ಜಿ-ಮೊಮ್ಮಗನ ನಡುವೆಯೂ ಒಂದು ಜಗಳವಿತ್ತು. ಆಮಾ ಬೀಜದ ಮಡಕೆ ತೋರಿಸಿ, "ಇದೇ ಇರುವಾಗ ದುಡ್ಡು ಕೊಟ್ಟು ಬೀಜ ಏಕೆ ತರಬೇಕು?" ಎನ್ನುತ್ತಿದ್ದರು. ನಮ್ಮ ಅಜ್ಜಿಯರೂ ಹಾಗೆಯೇ ಕೇಳುತ್ತಾರೆ. ಆದರೆ ಇಲ್ಲಿ ಮೊಮ್ಮಗನ ಮಾತಿನಲ್ಲಿ ಹುರುಳಿದೆ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಪರಾಗ ಗಾಳಿಯಲ್ಲಿ ಹಲವು ಕಿಲೋಮೀಟರ್ ಹಾರುತ್ತದೆ. ಸುತ್ತಲೂ ಕಾಡುಭಂಗಿ ಇರುವಾಗ, ಕಡಿಮೆ ಟಿಎಚ್‌ಸಿಯ ತಳಿ ಬೆಳೆದರೂ ಅದರ ಬೀಜದಿಂದ ಬರುವ ಮುಂದಿನ ಪೀಳಿಗೆ ಬೆರಕೆಯಾಗಿ ಮಿತಿ ದಾಟಬಹುದು. ಈ ಬೆಟ್ಟದ ಹವೆಗೆ ಒಗ್ಗುವ, ಅಮಲಿಲ್ಲದ, ನಂಬಬಹುದಾದ ಬೀಜ ಬೇಕು. ಹಾಗಾಗಿ ಇಲ್ಲಿನ ಮೊದಲ ಉದ್ಯೋಗಾವಕಾಶ ನೇಗಿಲು ಹಿಡಿಯುವವನಿಗಲ್ಲ, ತಳಿ ವಿಜ್ಞಾನ ಓದಿದವರಿಗೆ. ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ 1960ರಲ್ಲಿ ಆರಂಭವಾದ ಪಂತ್‌ನಗರ ಇದೇ ಬೆಟ್ಟಗಳ ತಪ್ಪಲಿನಲ್ಲಿದೆ. ಹೆಂಪ್ ಬೆಳೆಯುವ ಕನಸಿನ ಹುಡುಗರು ಹೊಲಕ್ಕಿಂತ ಮೊದಲು ಅಂಥ ಕಡೆ ಓದಿ ಬರಬೇಕು ಎನ್ನುವುದು ಅವನು ತಡವಾಗಿ ಕಂಡುಕೊಂಡ ಸತ್ಯ.

"ಬರೀ ಬೆಳೆದು ಮಾರಿದರೆ ಏನೂ ಉಳಿಯುವುದಿಲ್ಲ ದಾಜ್ಯೂ. ಕೊಯ್ದ ಮೇಲಿನ ಕೆಲಸದಲ್ಲಿ ಸಂಬಳವಿದೆ," ಎಂದು ಅವನು ಬೆರಳು ಮಡಚುತ್ತಾ ಹೋದ. ಟಿಎಚ್‌ಸಿ ಅಳೆಯಲು ರಸಾಯನಶಾಸ್ತ್ರ ಓದಿದವರು ಬೇಕು. ನಾರು ಸುಲಿಯುವುದು ಇನ್ನೂ ಕೈಕೆಲಸವೇ. ದೊಡ್ಡ ಯಂತ್ರ ಈ ಕಿರುದಾರಿಯಲ್ಲಿ ಏರದು, ಹೇಸರಗತ್ತೆಯ ಮೇಲೆ ಹೇರಬಹುದಾದ ಪುಟ್ಟ ಯಂತ್ರ ಮಾಡುವ ಎಂಜಿನಿಯರ್ ಬೇಕು. ನೂಲುವವರು, ನೇಯುವವರು, ಎಣ್ಣೆ ತೆಗೆಯುವವರು, ಲೆಕ್ಕ ಬರೆಯುವವರು ಬೇಕು. ಕಾಂಡದ ಒಳತಿರುಳನ್ನು ಸುಣ್ಣದೊಂದಿಗೆ ಕಲಸಿ ಗೋಡೆ ಕಟ್ಟುವ ವಿದ್ಯೆಯೂ ಈಗ ಬಂದಿದೆ. ಪೌಡಿ ಜಿಲ್ಲೆಯ ಯಮಕೇಶ್ವರದ ಕಡೆ ಅಂಥ ಮನೆಯನ್ನೇ ಕಟ್ಟಿದ್ದಾರೆ. ಇದು ಹೊಸದೂ ಅಲ್ಲ. ಎಲ್ಲೋರಾದ ಬೌದ್ಧ ಗುಹೆಗಳ ಗಾರೆಯಲ್ಲಿ ಭಂಗಿ ನಾರು ಬೆರೆತಿರುವುದನ್ನು 2016ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಸುಮಾರು 1,500 ವರ್ಷ ಆ ಗಾರೆ ಹುಳಕ್ಕೂ ತೇವಕ್ಕೂ ಜಗ್ಗದೆ ಉಳಿಯಲು ಅದೂ ಒಂದು ಕಾರಣ ಎನ್ನುತ್ತಾರೆ ಅವರು.

ಸದ್ಯಕ್ಕೆ ಅವನ ಹೊಟ್ಟೆ ತುಂಬಿಸುತ್ತಿರುವುದು ಉಪ್ಪು. ಪರವಾನಗಿ ಇರುವ ರೈತರಿಂದ ಬೀಜ ಕೊಂಡು, ಊರಿನ ಐದು ಜನ ಹೆಂಗಸರು ಬೆಳಿಗ್ಗೆ ಹತ್ತರಿಂದ ಆಮಾಳ ಅಂಗಳದಲ್ಲಿ ಕೂತು ಬೀಜ, ಮೆಣಸು, ಬೆಳ್ಳುಳ್ಳಿ, ಕಲ್ಲುಪ್ಪು ಸೇರಿಸಿ ಅರೆಯುತ್ತಾರೆ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆಂದು ಆಮಾ ಒಪ್ಪುವುದಿಲ್ಲ. ಹೋಟೆಲಿನಲ್ಲಿ ಕಲಿತ ಅಳತೆ, ಶುಚಿ, ಪ್ಯಾಕಿಂಗ್ ಅವನದು, ರುಚಿ ಆಮಾಳದು. ಬೆಂಗಳೂರಿನಲ್ಲಿ ಬರುತ್ತಿದ್ದ ಸಂಬಳದ ಅರ್ಧ ಇಲ್ಲಿ ಬರುತ್ತಿದೆ. ಬಾಡಿಗೆ ಇಲ್ಲ, ಆದರೆ ತಂಗಿಯ ಕಾಲೇಜು ಶುಲ್ಕವಿದೆ. ಮುಂದಿನ ಬಿತ್ತನೆಯ ಹೊತ್ತಿಗೆ ಪರವಾನಗಿ ಬಾರದಿದ್ದರೆ ಮತ್ತೆ ಅಡುಗೆಮನೆಯ ಕೆಲಸಕ್ಕೆ ಹೋಗುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದಾನೆ. ಅದನ್ನು ಆಮಾಗೆ ಹೇಳಿಲ್ಲ.

ಹೊರಡುವ ದಿನ ಅವನೂ ನನ್ನ ಜೊತೆ ಜೀಪು ಹತ್ತಿದ. ಹತ್ತನೆಯ ಸಹಿಗಾಗಿ ಲಖನೌನ ಚಿಕ್ಕಪ್ಪನ ಮನೆಗೆ ಹೊರಟಿದ್ದ. ಫೋನಿನಲ್ಲಿ ಮರ್ಯಾದೆಯ ಮಾತಾಡಿ ಇಟ್ಟುಬಿಟ್ಟ ಚಿಕ್ಕಪ್ಪ ಅವರೇ. ಚೀಲದಲ್ಲಿ ಜಮೀನಿನ ಕಾಗದ, ಕಾಯ್ದೆಯ ಪ್ರತಿ, ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಡಬ್ಬಿ. ಅದರಲ್ಲಿ ಏನಿದೆ ಎಂದು ಕೇಳಿದೆ.

"ಚಟ್ನಿ. ಆಮಾ ಕೊಟ್ಟದ್ದು. ಮೊದಲು ಊಟಕ್ಕೆ ಬಡಿಸು, ಕಾಗದ ಆಮೇಲೆ ತೆಗೆ ಅಂದಿದ್ದಾರೆ."