ಸಾಸಿವೆ ಡಬ್ಬಿಯ ದುಡ್ಡು

ಹೆಂಗಸರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಾರೆಂಬುದು ಗಂಡಸರೆಲ್ಲರಿಗೂ ತಿಳಿದ ಗುಟ್ಟು. ತಿಳಿದಿದ್ದರೂ ತಿಳಿಯದವರಂತೆ ಇದ್ದುಬಿಡುವುದು ಸಂಸಾರಧರ್ಮ. ಆ ಡಬ್ಬಿಗೆ ಬೀಳುತ್ತಿದ್ದ ದುಡ್ಡಾದರೂ ಎಂಥದು? ಸಂತೆಗೆಂದು ಕೊಟ್ಟ ಹಣದಲ್ಲಿ ಮಿಗಿಸಿದ ಚಿಲ್ಲರೆ, ಮೊಟ್ಟೆ ಮಾರಿದ ಕಾಸು, ತವರಿನಿಂದ ಹೊರಡುವಾಗ ಅಣ್ಣನು ಅತ್ತಿಗೆಗೆ ಕಾಣದಂತೆ ಕೈಗೆ ತುರುಕಿದ ಒಂದು ನೋಟು. ಮೊತ್ತ ಅಲ್ಪ, ಆದರೆ ಲೆಕ್ಕ ಒಪ್ಪಿಸಬೇಕಾಗಿಲ್ಲದ ದುಡ್ಡು. ಅದರ ಬೆಲೆಯೆಲ್ಲ ಇರುವುದು ಈ ಎರಡನೆಯ ಗುಣದಲ್ಲಿ.

ಮಂಡ್ಯ ಜಿಲ್ಲೆಯ ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದ ಮೇಲೆ ವೈದ್ಯನಾಥಪುರವಿದೆ. ಇಲ್ಲಿನ ವೈದ್ಯನಾಥೇಶ್ವರನ ಸನ್ನಿಧಿಗೆ ಬಂದರೆ ಚರ್ಮವ್ಯಾಧಿ ವಾಸಿಯಾಗುವುದೆಂದು ನಂಬಿ ದೂರದೂರಿನವರೂ ಬರುತ್ತಾರೆ. ಮೈಯ ಬೇನೆಗೆ ದೇವರಿದ್ದಾನೆ. ಕೈಯಲ್ಲಿ ಕಾಸಿಲ್ಲದ ಬೇನೆಗೆ ಮಾತ್ರ ಬಹುಕಾಲ ಯಾವ ಸನ್ನಿಧಿಯೂ ಇರಲಿಲ್ಲ. ಈ ಸೀಮೆಯಲ್ಲಿ ಒಮ್ಮೆ ಹಾದುಹೋದವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಕಣ್ಣು ಹಾಯಿಸಿದಷ್ಟೂ ಕಬ್ಬು, ಭತ್ತ, ತೆಂಗು. ಮದ್ದೂರಿನ ಎಳನೀರು ಮಾರುಕಟ್ಟೆಯೋ ದೇಶಕ್ಕೆಲ್ಲ ಹೆಸರಾದದ್ದು. ಇಲ್ಲಿ ಬಡತನವೆಲ್ಲಿದೆ?

ಹಣವಿಲ್ಲವೆಂದಲ್ಲ, ಅದು ಬರುವ ರೀತಿ ಬೇರೆ. ಕಬ್ಬು ನೆಟ್ಟರೆ ವರ್ಷ ಕಾಯಬೇಕು. ಕಡಿದು ಕಾರ್ಖಾನೆಗೆ ಸಾಗಿಸಿದ ಮೇಲೆ ಹಣಕ್ಕಾಗಿ ಮತ್ತೆ ಕಾಯಬೇಕು. ಎಳನೀರಿನ ವ್ಯಾಪಾರಿ ಬಂದು ಗೊನೆ ಇಳಿಸಿಕೊಂಡು ಹೋದಾಗ ಒಂದಿಷ್ಟು. ಡೇರಿಗೆ ಹಾಕಿದ ಹಾಲಿನ ಬಟವಾಡೆ ಒಂದಿಷ್ಟು. ಅದರ ಮೇಲೆ ಲೀಟರಿಗೆ 5 ರೂಪಾಯಿಯಂತೆ ಸರ್ಕಾರದ ಪ್ರೋತ್ಸಾಹಧನ, ಅದು ಬಂದಾಗ. 2019ರ ಫೆಬ್ರುವರಿಯಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ನಿಧಿಯಿಂದ ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂಪಾಯಿ. ಇದು ದೊರೆಯುವುದು ಪಹಣಿಯಲ್ಲಿ ಹೆಸರುಳ್ಳವರಿಗೆ. ಪಹಣಿಯಲ್ಲಿ ಹೆಸರಿರುವುದು ಬಹುಪಾಲು ಗಂಡಸಿನದು. ಹೀಗೆ ಹಣವೆಲ್ಲ ಬಿಡಿಬಿಡಿಯಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಗಂಡಸಿನ ಕಿಸೆ ಸೇರುತ್ತದೆ. ಅಲ್ಲಿಂದ ಗೊಬ್ಬರದ ಅಂಗಡಿಗೆ, ಸಾಲ ಕೊಟ್ಟವರಿಗೆ, ಮೋಟರು ರಿಪೇರಿಗೆ ಹರಿಯುತ್ತದೆ. ಒಲೆ ಮಾತ್ರ ದಿನಕ್ಕೆರಡು ಸಲ ಹೊತ್ತಿಕೊಳ್ಳಬೇಕು. ಎಣ್ಣೆ, ಬೇಳೆ, ಸೋಪು, ಮಕ್ಕಳ ಪೆನ್ಸಿಲು ಇವುಗಳಿಗೆ ಸುಗ್ಗಿಯೆಂಬುದಿಲ್ಲ. ಇವುಗಳಿಗಾಗಿ ಹೆಂಗಸು ದಿನವೂ ಕೈಯೊಡ್ಡಿ ಕೇಳಬೇಕು. ಕೇಳಿದಾಗಲೆಲ್ಲ ಸಿಗುವುದು ಹಣವೋ, "ಮೊನ್ನೆ ಕೊಟ್ಟದ್ದು ಏನಾಯ್ತು?" ಎಂಬ ಪ್ರಶ್ನೆಯೋ, ಅದು ಆ ದಿನದ ಹವಾಮಾನಕ್ಕೆ ಸೇರಿದ್ದು.

ಹೀಗಿರಲಾಗಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ 'ಗೃಹಲಕ್ಷ್ಮಿ' ಯೋಜನೆಗೆ ಚಾಲನೆ ದೊರೆಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ನಮೂದಾದ ಹೆಂಗಸಿನ ಬ್ಯಾಂಕು ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆದಾಯ ತೆರಿಗೆ ಕಟ್ಟುವ ಮನೆಗಳಿಗಿಲ್ಲ. ರಾಜ್ಯದಲ್ಲಿ ಒಂದು ಕೋಟಿಗೂ ಮಿಕ್ಕ ಗೃಹಿಣಿಯರು ಇದಕ್ಕೆ ಬಾಧ್ಯರಾದರು. ವರ್ಷಕ್ಕೆ 24,000, ಭಾಗಿಸಿ ನೋಡಿದರೆ ದಿನಕ್ಕೆ 66 ರೂಪಾಯಿಯೂ ತುಂಬುವುದಿಲ್ಲ. ಪಟ್ಟಣದ ಹೋಟೆಲಿನಲ್ಲಿ ಇಬ್ಬರ ತಿಂಡಿಗೆ ಸಾಲದ ಹಣ. ಆದರೆ ತಿಂಗಳಿಗೊಮ್ಮೆ, ಕೇಳದೆ, ಹೆಂಗಸಿನ ಹೆಸರಿಗೇ ಬರುವ ಹಣ ಆ ಮನೆಗಳಲ್ಲಿ ಅದುವರೆಗೆ ಅಪರೂಪವಾಗಿತ್ತು.

ಯಜಮಾನಿ ಎಂಬ ಪದವೇ ಮೊದಲ ತೊಡಕು ತಂದಿಟ್ಟಿತು. ಒಂದು ಚೀಟಿಗೆ ಒಬ್ಬಳೇ ಯಜಮಾನಿ. ಮನೆಯಲ್ಲಿ ಇಬ್ಬರು ಹೆಂಗಸರಿದ್ದರೆ? ಕಾಗದದಲ್ಲಿ ಹೆಸರಿರುವುದು ಅತ್ತೆಯದು. ಒಲೆಯ ಮುಂದಿರುವುದು ಸೊಸೆ. ಆ ವರ್ಷ ಯೋಜನೆಯ ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ಮಂತ್ರಿಗಳ ಮಾತಿನಿಂದ ಹಿಡಿದು ಅರಳಿಕಟ್ಟೆಯವರೆಗೂ ನಡೆಯಿತು. ಹಾಸ್ಯಗಾರರಿಗೆ ಹಬ್ಬವಾಯಿತು. ಆದರೆ ಸಾವಿರಾರು ಮನೆಗಳಲ್ಲಿ ಅದು ಹಾಸ್ಯದ ವಿಷಯವಾಗಿರಲಿಲ್ಲ.

ಅಂಥ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಊರಿನಲ್ಲಿ ಇದು ಯಾರ ಮನೆಯೆಂದು ಹುಡುಕುವುದು ಬೇಡ. ಹತ್ತು ಮನೆಯ ಮಾತನ್ನು ಒಂದು ಹೊಸಿಲೊಳಗೆ ತಂದಿಟ್ಟದ್ದು. ಎಕರೆಗಿಷ್ಟು ಕಡಮೆ ಗದ್ದೆ, ಹತ್ತಾರು ತೆಂಗು, ಎರಡು ಹಸು. ಮನೆಯಲ್ಲಿ ವಿಧವೆ ಅತ್ತೆ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಚೀಟಿಯಲ್ಲಿ ಯಜಮಾನಿ ಅತ್ತೆ. ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರಕ್ಕೆ ಕರೆದೊಯ್ದು ಸರದಿಯಲ್ಲಿ ನಿಂತವಳು ಸೊಸೆ, ಹೆಬ್ಬೆಟ್ಟೊತ್ತಿದವಳು ಅತ್ತೆ. ಮೊದಲ ಮೂರು ತಿಂಗಳು ಹಣ ಬರಲೇ ಇಲ್ಲ. ಬ್ಯಾಂಕಿಗೆ ಅಲೆದು ವಿಚಾರಿಸಲಾಗಿ, ಹಣವು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆಂದೂ, ಅತ್ತೆಗೆ ಮರೆತೇಹೋಗಿದ್ದ ಹಳೆಯ ಖಾತೆಯೊಂದರಲ್ಲಿ ಅದು ಭದ್ರವಾಗಿ ಕುಳಿತಿದೆಯೆಂದೂ ತಿಳಿಯಿತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿರಲಿಲ್ಲವಾಗಿ ಮದ್ದೂರಿಗೆ ಅಷ್ಟು ಸಲ ತಿರುಗಲು ಸಾಧ್ಯವಾಯಿತು.

ಮೊದಲು ಬಿಡಿಸಿದ 6,000 ರೂಪಾಯಿ ಅಂಗಡಿಯ ಬಾಕಿಗೆ ಹೋಯಿತು. ಇದನ್ನು 'ಅಭಿವೃದ್ಧಿ' ಎಂದು ಯಾವ ವರದಿಯೂ ಬರೆದುಕೊಳ್ಳುವುದಿಲ್ಲ. ಆದರೆ ಬಾಕಿ ತೀರಿದ ದಿನದಿಂದ ಅಂಗಡಿಯವನು ಬೇಳೆ ತೂಗುವಾಗ ಮುಖ ತಿರುಗಿಸುವುದನ್ನು ಬಿಟ್ಟ; ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ನೋಡುವ ಧೈರ್ಯ ಸೊಸೆಗೆ ಬಂತು. ಆಮೇಲೆ ಅತ್ತೆಯ ರಕ್ತದೊತ್ತಡದ ಮಾತ್ರೆ ತಿಂಗಳ ನಡುವೆ ನಿಲ್ಲದಾಯಿತು. ಅಡುಗೆ ಅನಿಲ ಮುಗಿದಾಗ ಎಂಟು ದಿನ ಸೌದೆ ಊದುವ ಕೆಲಸ ತಪ್ಪಿತು. ಮಗಳ ನೋಟುಪುಸ್ತಕ ಶಾಲೆ ತೆರೆದ ವಾರದಲ್ಲೇ ಬಂತು.

ಅತ್ತೆ ಹಣವನ್ನು ತಾನೇ ಇಟ್ಟುಕೊಂಡು ಸೊಸೆಯನ್ನು ಆಡಿಸಬಹುದಿತ್ತು. ಆಡಿಸಿದ ಅತ್ತೆಯರು ಇಲ್ಲವೆಂದೇನೂ ಅಲ್ಲ. ಬೇರೆ ಚೀಟಿ ಮಾಡಿಸಿಕೊಳ್ಳೋಣವೆಂದು ಗಂಡನನ್ನು ಪೀಡಿಸಿದ ಸೊಸೆಯರೂ ಉಂಟು. ಯಜಮಾನಿ ತೀರಿಕೊಂಡರೆ ಹಣ ನಿಲ್ಲುತ್ತದೆ. ಚೀಟಿಯಲ್ಲಿ ಹೆಸರು ಬದಲಾಗುವವರೆಗೆ ಅಲೆದಾಟ ತಪ್ಪದು. ಆದಕಾರಣ ಅತ್ತೆಯ ಆಯುರಾರೋಗ್ಯದ ಮೇಲೆ ಕೆಲವು ಸೊಸೆಯರಿಗೆ ಹಿಂದೆಂದೂ ಇಲ್ಲದ ಅಕ್ಕರೆ ಹುಟ್ಟಿದೆಯೆಂದು ಚಾಡಿಕೋರರು ಹೇಳುವುದುಂಟು. ಹುಟ್ಟಿದರೆ ಹುಟ್ಟಲಿ, ಮಾತ್ರೆ ತಪ್ಪದೆ ಸಿಗುವ ಮುದುಕಿಗೆ ಅಕ್ಕರೆಯ ಮೂಲ ಶೋಧಿಸಬೇಕಾದ್ದಿಲ್ಲ.

ಪಟ್ಟಣದವರ ಆಕ್ಷೇಪಣೆಯೊಂದಿದೆ. ಬಿಟ್ಟಿ ಹಣ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ, ಕೊನೆಗೆ ಅದು ಸೇರುವುದು ಸಾರಾಯಿಯಂಗಡಿಯನ್ನೇ, ಎಂದು. 2015ರಿಂದ ಕೆಲವು ಕಾಲ ಅಡುಗೆ ಅನಿಲದ ಸಬ್ಸಿಡಿ ಹಣ ಇದೇ ದಾರಿಯಿಂದ ತಮ್ಮ ಖಾತೆಗಳಿಗೂ ಬಂದು ಬೀಳುತ್ತಿದ್ದಾಗ ಯಾರೂ ಸೋಮಾರಿಗಳಾದಂತೆ ಕಾಣಲಿಲ್ಲ. ಅದಿರಲಿ. 2014ರಲ್ಲಿ ವಿಶ್ವಬ್ಯಾಂಕಿನ ಪರವಾಗಿ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಎಂಬಿಬ್ಬರು ಹಲವು ದೇಶಗಳ ನಗದು ಯೋಜನೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಬಡವರ ಕೈಗೆ ಕೊಟ್ಟ ಹಣದಿಂದ ಹೆಂಡ, ಹೊಗೆಸೊಪ್ಪಿನ ಖರ್ಚು ಹೆಚ್ಚಲಿಲ್ಲವೆಂಬುದೇ ಅವರಿಗೆ ಕಂಡದ್ದು. ಕುಡಿಯುವ ಗಂಡ ಮೊದಲೂ ಕುಡಿಯುತ್ತಿದ್ದ. ಹೆಂಡತಿಯ ಹಣ ಕಿತ್ತುಕೊಂಡು ಕುಡಿಯುವವನೂ ಇದ್ದಾನೆ. ಹಾಗೆಂದು ಅವಳ ಖಾತೆ ಬರಿದಾಗಿರಬೇಕೆಂಬುದು ವಿಚಿತ್ರ ನ್ಯಾಯ.

ನಿಜವಾದ ಕಂಟಕ ಹೆಂಡದಂಗಡಿಗಿಂತ ಸಾಲದ ಸಂಘಗಳ ಕಡೆಯದು. ವಾರವಾರವೂ ಮನೆಬಾಗಿಲಿಗೆ ಬಂದು ಕಂತು ಕೇಳುವ ಕಿರುಸಾಲದವರು ಈ ಸೀಮೆಯಲ್ಲಿ ಎಲ್ಲೆಡೆ ಇದ್ದಾರೆ. ಅವರ ಕಿರುಕುಳ ಮಿತಿ ಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯವು ಅಧ್ಯಾದೇಶ ಹೊರಡಿಸಬೇಕಾಯಿತು. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ ಎತ್ತಿದವಳಿಗೆ 2,000 ರೂಪಾಯಿ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಕೆಲವು ಕಡೆ ಬ್ಯಾಂಕುಗಳೇ ಈ ಹಣವನ್ನು ಹಳೆಯ ಸಾಲಕ್ಕೆ ಮುರಿದುಕೊಂಡವು; ಹಾಗೆ ಮಾಡಕೂಡದೆಂದು ಸರ್ಕಾರ ಸೂಚಿಸಬೇಕಾಯಿತು.

ಇನ್ನೊಂದು ಕೊರತೆ ತಡವಾಗುವುದು. ಕಂತು ತಿಂಗಳ ಮೇಲೆ ತಿಂಗಳು ಬಾರದೆ, ಎರಡೋ ಮೂರೋ ಒಟ್ಟಿಗೆ ಬಂದು ಬಿದ್ದ ಸಂದರ್ಭಗಳು ಹಲವು. ಬರುತ್ತದೆಂದು ನಂಬಿ ಅಂಗಡಿಯಲ್ಲಿ ಲೆಕ್ಕ ಬರೆಸಿದವಳಿಗೆ, ಬಾರದ ಹಣವು ಇಲ್ಲದ ಹಣಕ್ಕಿಂತ ಕಷ್ಟ. ಮೊತ್ತ ಸಣ್ಣದೆಂದು ಗೊಣಗುವ ಹೆಂಗಸು ಅಪರೂಪ. "ಯಾವತ್ತು ಬರ್ತದೆ ಅಂತ ಒಂದು ದಿನ ಹೇಳಿಬಿಟ್ಟರೆ ಸಾಕಾಗಿತ್ತು" ಎನ್ನುವವರೇ ಎಲ್ಲರೂ.

ಸಂಜೆಯ ಹೊತ್ತು ಜಗಲಿಯ ಮೇಲೆ ನಡೆಯುವ ಮಾತು ಹೀಗಿರುತ್ತದೆ:

"ಪಕ್ಕದ ಮನೆಯೋರಿಗೆ ಮೆಸೇಜು ಬಂದದಂತೆ ಕಣತ್ತೆ."

"ಅವರಿಗೆ ಬಂದ್ರೆ ನಮಗೂ ಬಂದಿರ್ತದೆ. ನಾಳೀಕೆ ಹೋಗಿ ಬುಕ್ಕಿಗೆ ಎಂಟ್ರಿ ಹಾಕಿಸ್ಕೊಂಡು ಬರಾಣ."

ಅತ್ತೆಗೆ ಅಕ್ಷರ ಬಾರದು. ಆದರೆ ಎಷ್ಟು ಕಂತು ಬಂದಿದೆ, ಯಾವ ತಿಂಗಳಿನದು ಬಾಕಿಯೆಂಬುದು ಬೆರಳ ತುದಿಯಲ್ಲಿದೆ.

ತಡವಾಗಿ ಒಟ್ಟಿಗೆ ಬಂದ ಹಣಕ್ಕೆ ಬೇರೆಯೇ ಒಂದು ಸ್ವಭಾವವಿದೆ. ಕೀನ್ಯಾ ದೇಶದ ಹಳ್ಳಿಗಳಲ್ಲಿ ಒಂದು ಸಂಸ್ಥೆ ಕೆಲವು ಮನೆಗಳಿಗೆ ಹಣವನ್ನು ತಿಂಗಳು ತಿಂಗಳು, ಕೆಲವಕ್ಕೆ ಒಂದೇ ಗಂಟಾಗಿ ಕೊಟ್ಟಿತು. ತಿಂಗಳ ಹಣ ಹೆಚ್ಚಾಗಿ ಊಟವಾಯಿತು. ಗಂಟು ಹಣ ಬಾಳಿಕೆಯ ವಸ್ತುವಾಯಿತು. ಮಂಡ್ಯದ ಹೆಂಗಸಿಗೆ ಇದನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಸಣ್ಣದನ್ನು ದೊಡ್ಡದು ಮಾಡಲು ಅವಳಿಗೆ ಚೀಟಿ ಹಾಕುವ ವಿದ್ಯೆ ಅಜ್ಜಿಯ ಕಾಲದಿಂದ ಗೊತ್ತು. ಹತ್ತು ಮನೆಯವರು ಸೇರಿ ತಿಂಗಳಿಗೆ ಸಾವಿರ. ಸರದಿ ಬಂದವಳಿಗೆ 10,000. ಹೊಲಿಗೆಯಂತ್ರ, ರೆಫ್ರಿಜರೇಟರು, ಮಗನ ಕಾಲೇಜಿನ ಫೀಸು ಎಂದು ಕೇಳಿಬರುವುದೆಲ್ಲ ಬಹಳ ಮಟ್ಟಿಗೆ ಹೀಗೆ ಕೂಡಿಹಾಕಿದ ಹಣದ ಕಥೆಗಳೇ. 2024ರಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧೆಯೊಬ್ಬರು ಕೂಡಿಟ್ಟ ಹಣದಲ್ಲಿ ಊರಿಗೆಲ್ಲ ಹೋಳಿಗೆಯ ಊಟ ಹಾಕಿಸಿದರು. ಅದು ದುಂದಲ್ಲವೇ ಎಂದು ಹುಬ್ಬೇರಿಸಿದವರುಂಟು. ಜೀವಮಾನವಿಡೀ ಮತ್ತೊಬ್ಬರ ಪಂಕ್ತಿಯಲ್ಲಿ ಉಂಡು ಬಂದ ಮುದುಕಿಗೆ ಒಂದು ದಿನ ತಾನೇ ಎಲೆ ಹಾಕಿ ಬಡಿಸಬೇಕೆನಿಸಿದ್ದನ್ನು ಲೆಕ್ಕಪತ್ರದ ಯಾವ ಅಂಕಣಕ್ಕೆ ಸೇರಿಸುವುದು?

ವೈದ್ಯನಾಥಪುರದ ನಮ್ಮ ಕಲ್ಪನೆಯ ಸೊಸೆಯೂ ಅತ್ತೆಯ ಒಪ್ಪಿಗೆ ಪಡೆದು ತಿಂಗಳಿಗೆ ಸಾವಿರದಂತೆ ಚೀಟಿ ಕಟ್ಟಿದಳು. ಸರದಿ ಬಂದಾಗ ಹಸುವಿಗೆ ಸಾಲದು, ಎರಡು ಕುರಿಮರಿಗೆ ಸಾಕು. ಬಂಡೂರು ಕುರಿಯ ಸೀಮೆ ಇದು. ಆ ತಳಿಗೆ ಹೆಸರು ಕೊಟ್ಟ ಊರು ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲಿದೆ. ಅಪ್ಪಟ ತಳಿಯ ಬೆಲೆ ಕೇಳಿಯೇ ಹಿಂದೆ ಸರಿದು, ಅಡ್ಡತಳಿಯ ಎರಡು ಮರಿ ತಂದು ಹಿತ್ತಿಲಲ್ಲಿ ಕಟ್ಟಿದರು. ಹಸುವಿಗೆ ಹಾಕಿ ಮಿಕ್ಕ ಸೊಪ್ಪುಸದೆಯಲ್ಲಿ ಅವು ಬೆಳೆದವು.

ಕಬ್ಬಿನ ಹಣ ಆ ವರ್ಷವೂ ತಡವಾಯಿತು. ಕೂಳೆ ಕಬ್ಬಿಗೆ ಗೊಬ್ಬರ ಹಾಕುವ ಹೊತ್ತು. ಮಗ ತಾಯಿಯ ಬಳಿ ಬಂದು, ಕುರಿ ಎರಡನ್ನೂ ಕೊಟ್ಟುಬಿಟ್ಟರೆ ಹೇಗೆಂದು ಪೀಠಿಕೆ ಹಾಕಿದ. ಖಾತೆ ಆಕೆಯದು, ಚೀಟಿಯಲ್ಲಿ ಯಜಮಾನಿಯೂ ಆಕೆಯೇ. ಎಲೆಯಡಕೆ ಹಾಕಿಕೊಳ್ಳುತ್ತಿದ್ದ ತಾಯಿ ತಲೆಯೆತ್ತಲಿಲ್ಲ.

"ಅದು ಅವಳು ಕಟ್ಟಿದ ಚೀಟಿ ದುಡ್ಡು ಕಣಪ್ಪ. ಅವಳನ್ನೇ ಕೇಳು."

ಆತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಅನಂತರ ಹಿತ್ತಿಲಿಗೆ ಹೋಗಿ ಕೇಳಿದ. ಸೊಸೆ ಸೊಪ್ಪಿನ ಕಟ್ಟು ಬಿಚ್ಚುತ್ತಲೇ ಉತ್ತರ ಕೊಟ್ಟಳು:

"ಯುಗಾದಿಗಂಟ ತಡೀರಿ. ಹೊಸತೊಡಕಿಗೆ ಬೆಲೆ ಏರ್ತದೆ. ಆಗ ಒಂದು ಕೊಡಾಣ, ಇನ್ನೊಂದು ಇರಲಿ."