ಮುಕ್ಕಾಲು ಪಾಲು ಗುಣ

ರೋಗಗಳಲ್ಲಿಯೂ ಮರ್ಯಾದೆಯ ತರತಮಗಳುಂಟು. ರಕ್ತದೊತ್ತಡವುಳ್ಳವನು ಊಟದ ಪಂಕ್ತಿಯಲ್ಲಿ ಉಪ್ಪಿಲ್ಲದ ಪಲ್ಯವನ್ನು ಕೇಳಿದರೆ ಮನೆಯವರು ಗೌರವದಿಂದಲೇ ತಂದು ಬಡಿಸುತ್ತಾರೆ. ಹೃದ್ರೋಗಿಗೆ ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವ ಪುಣ್ಯಾತ್ಮರುಂಟು. ಮೊಣಕೈಯ ಮೇಲೆ ಕೆಂಪಗೆ ದಪ್ಪವಾಗಿ ಎದ್ದು ಬೆಳ್ಳಿಯ ಬಣ್ಣದ ಹೊಟ್ಟನ್ನು ಉದುರಿಸುವ ಸೋರಿಯಾಸಿಸ್ ಎಂಬ ವ್ಯಾಧಿಯುಳ್ಳವನಿಗೂ ಬಸ್ಸಿನಲ್ಲಿ ಜಾಗ ಸಿಕ್ಕುತ್ತದೆ. ಪಕ್ಕದವನು ತಾನಾಗಿಯೇ ಎದ್ದು ಹೋಗುವುದರಿಂದ.

ಇದು ಅಂಟುರೋಗವಲ್ಲ. ಬಟ್ಟೆಯಿಂದಾಗಲಿ, ಸ್ಪರ್ಶದಿಂದಾಗಲಿ, ಒಂದೇ ತಟ್ಟೆಯ ಊಟದಿಂದಾಗಲಿ ಹರಡುವುದಿಲ್ಲ. ಶರೀರವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ಕೆಣಕುವುದರಿಂದ ಈ ಉಪದ್ರವ ಉಂಟಾಗುತ್ತದೆ. ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶವು ಮೇಲಕ್ಕೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳಷ್ಟು ಕಾಲ ಬೇಕು. ಸೋರಿಯಾಸಿಸ್ಸಿನಲ್ಲಿ ಆ ಯಾತ್ರೆ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಇದನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಹಿಮ್ಮೆಟ್ಟಿಸುವ ಮದ್ದುಗಳು ಮಾತ್ರ ಅನೇಕ. ಆದುದರಿಂದ ರೋಗಿಯು ಕೇಳಬೇಕಾದ ಪ್ರಶ್ನೆ 'ಗುಣವಾಗುವುದೇ?' ಎಂಬುದಲ್ಲ, 'ಎಷ್ಟು ಪಾಲು ಗುಣವಾಗುವುದು, ಎಷ್ಟು ಕಾಲ, ಏನನ್ನು ತೆತ್ತು?' ಎಂಬುದು.

ಹಿಂದಿನ ಕಾಲದಲ್ಲಿ ಈ ಲೆಕ್ಕವಿರಲಿಲ್ಲ. ಬ್ರೆಜಿಲ್ ದೇಶದ ಒಂದು ಮರದ ಪುಡಿ ಪೋರ್ತುಗೀಸರ ಮೂಲಕ ಭಾರತಕ್ಕೆ ಬಂದು 'ಗೋವಾ ಪುಡಿ' ಎಂಬ ಹೆಸರಿನಿಂದ ಹುಳುಕಡ್ಡಿಗೆ ಮದ್ದಾಗಿತ್ತು. ಅದು ಸೋರಿಯಾಸಿಸ್ಸಿಗೂ ನಾಟುವುದೆಂಬುದನ್ನು 1876ರಲ್ಲಿ ಲಂಡನ್ನಿನ ವೈದ್ಯ ಬಾಲ್ಮನ್ನೋ ಸ್ಕ್ವೈರ್ ಲೋಕಕ್ಕೆ ತಿಳಿಸಿದನು. ಅದರ ಸತ್ತ್ವವನ್ನು ಅನುಸರಿಸಿ 1916ರ ಸುಮಾರಿಗೆ ಜರ್ಮನಿಯಲ್ಲಿ ಡಿಥ್ರನಾಲ್ ಸಿದ್ಧವಾಯಿತು. ಮದ್ದು ಕೆಲಸವನ್ನೇನೋ ಮಾಡುತ್ತಿತ್ತು; ಜೊತೆಗೆ ಅಂಗಿ, ಹಾಸಿಗೆ, ದಿಂಬುಗಳೆಲ್ಲ ಕಂದುಬಣ್ಣಕ್ಕೆ ತಿರುಗುತ್ತಿದ್ದುವು. ರೋಗಿಯ ಮೈ ಎಷ್ಟು ತಿಳಿಯಾಯಿತೆಂದು ವೈದ್ಯನು ಬರೆದಿಟ್ಟನು. ಬಟ್ಟೆ ಒಗೆದವಳ ಅಭಿಪ್ರಾಯವನ್ನು ಯಾರೂ ಬರೆದಿಡಲಿಲ್ಲ.

ಇಂದಿಗೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಮಾತ್ರೆಯ ವಂಶವೃಕ್ಷದಲ್ಲಿ ನಮ್ಮ ನೆರೆನಾಡಿನ ಹೆಸರೊಂದಿದೆ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ನಡೆಸಿದ ಸಂಶೋಧನೆಗಳ ಫಲವಾಗಿ, ಫೋಲಿಕ್ ಆಮ್ಲಕ್ಕೆ ಎದುರಾಳಿಯಾಗಿ ನಿಲ್ಲುವ ಅಮಿನೋಪ್ಟೆರಿನ್ ಮೊದಲಾದ ಔಷಧಗಳು ಹೊರಬಂದುವು. ಸುಬ್ಬರಾವ್ ಅವರು 1948ರಲ್ಲಿ ತೀರಿಕೊಂಡರು. 1951ರಲ್ಲಿ ಗಬ್ನರ್ ಎಂಬ ವೈದ್ಯನು ಸಂಧಿವಾತಕ್ಕಾಗಿ ಅಮಿನೋಪ್ಟೆರಿನ್ ಕೊಡುತ್ತಿದ್ದಾಗ ರೋಗಿಯ ಸೋರಿಯಾಸಿಸ್ ಕಲೆಗಳು ಮಾಯವಾಗುತ್ತಿರುವುದನ್ನು ಕಂಡನು. ಅದರ ಸೋದರವೆನ್ನಬಹುದಾದ ಮೆಥೊಟ್ರೆಕ್ಸೇಟ್ 1958ರಲ್ಲಿ ಚರ್ಮವೈದ್ಯರ ಕೈಸೇರಿತು. ಹೀಗೆ ಮದ್ದುಗಳು ಒಂದೊಂದಾಗಿ ಬಂದುವು. ಯಾವುದು ಮೇಲು ಎಂದು ಹೇಳಲು ಮಾತ್ರ ಒಂದು ಸಮಾನವಾದ ಅಳತೆಗೋಲು ಇರಲಿಲ್ಲ.

ಆ ಅಳತೆಗೋಲನ್ನು 1978ರಲ್ಲಿ ಫ್ರೆಡ್ರಿಕ್ಸನ್ ಮತ್ತು ಪೆಟ್ಟರ್ಸನ್ ಎಂಬಿಬ್ಬರು ರಚಿಸಿದರು. ಅದರ ಹೆಸರು 'ಪ್ಯಾಸಿ'. ಶರೀರವನ್ನು ತಲೆ, ಕೈ, ಮುಂಡ, ಕಾಲು ಎಂದು ನಾಲ್ಕು ಭಾಗ ಮಾಡಿ, ಪ್ರತಿಯೊಂದರಲ್ಲಿಯೂ ಕೆಂಪು ಎಷ್ಟು, ದಪ್ಪ ಎಷ್ಟು, ಹೊಟ್ಟು ಎಷ್ಟು, ವಿಸ್ತಾರ ಎಷ್ಟು ಎಂದು ನೋಡಿ ಅಂಕ ಕೊಡುವುದು. ಸೊನ್ನೆಯೆಂದರೆ ನಿರ್ಮಲ, 72 ಎಂದರೆ ಪರಮಾವಧಿ. ಮದ್ದು ತೆಗೆದುಕೊಂಡ ಮೇಲೆ ಅಂಕವು ಮುಕ್ಕಾಲು ಪಾಲು ಇಳಿದರೆ 'ಪ್ಯಾಸಿ 75' ಸಿದ್ಧಿಸಿತೆನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ಇಳಿದರೆ 'ಪ್ಯಾಸಿ 90'.

ಈ ಲೆಕ್ಕದಲ್ಲಿ ತಲೆಗೆ, ಮುಖವೂ ಸೇರಿದಂತೆ, ಸಲ್ಲುವ ಪಾಲು ಹತ್ತರಲ್ಲಿ ಒಂದು. ಕಾಲುಗಳಿಗೆ ಹತ್ತರಲ್ಲಿ ನಾಲ್ಕು. ಚರ್ಮದ ವಿಸ್ತೀರ್ಣವನ್ನು ನೋಡಿದರೆ ಇದು ನ್ಯಾಯವೇ. ಸಂಸಾರದಲ್ಲಿ ಮಾತ್ರ ಮುಖದ ಬೆಲೆ ಬೇರೆ. ವಧುಪರೀಕ್ಷೆಗೆ ಕುಳಿತ ಹುಡುಗಿಯ ಕಾಲುಗಳು ಪೂರ್ತಿ ತಿಳಿಯಾಗಿ ಹಣೆಯಂಚಿನಲ್ಲಿ ಒಂದು ಪಟ್ಟೆ ಉಳಿದರೆ, ಅಳತೆಗೋಲು ವಿಜಯವನ್ನು ಸಾರುತ್ತದೆ; ಹುಡುಗಿಗೆ ಅದು ಸೋಲು. ಅಂಗೈ ಬಿರಿದಿರುವ ಗೃಹಿಣಿಗೆ ಹುಣಿಸೆಹಣ್ಣು ಕಿವುಚುವಾಗ ಆಗುವ ಉರಿಗೆ ಪ್ಯಾಸಿಯಲ್ಲಿ ಅಂಕವೇ ಇಲ್ಲ. ಈ ಕೊರತೆಯನ್ನು ಮನಗಂಡು, ಚರ್ಮರೋಗದಿಂದ ಜೀವನಕ್ಕೆ ಆಗುವ ಅಡಚಣೆಯನ್ನು ರೋಗಿಯಿಂದಲೇ ಕೇಳಿ ಅಳೆಯುವ ಹತ್ತು ಪ್ರಶ್ನೆಗಳ ಇನ್ನೊಂದು ಪಟ್ಟಿಯನ್ನು 1994ರಲ್ಲಿ ಫಿನ್ಲೇ ಮತ್ತು ಖಾನ್ ಎಂಬ ವೈದ್ಯರು ಪ್ರಕಟಿಸಿದರು. ಎರಡನ್ನೂ ಕೂಡಿಸಿ ನೋಡುವುದೇ ಸರಿಯಾದ ಪದ್ಧತಿ.

ಅಳತೆಯ ಮಿತಿಯನ್ನು ತಿಳಿದ ಮೇಲೆ ಅಂಕಿಗಳನ್ನು ಧೈರ್ಯವಾಗಿ ನೋಡಬಹುದು. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ರೋಗಿಗಳಲ್ಲಿ ಕೆಲವರಿಗೆ ಅಡಾಲಿಮುಮಾಬ್ ಎಂಬ ಚುಚ್ಚುಮದ್ದು, ಕೆಲವರಿಗೆ ಮೆಥೊಟ್ರೆಕ್ಸೇಟ್, ಉಳಿದವರಿಗೆ ಸತ್ತ್ವವಿಲ್ಲದ ಹುಸಿಮದ್ದು ದೊರೆಯಿತು. ಹದಿನಾರು ವಾರಗಳ ಕೊನೆಯಲ್ಲಿ ಮುಕ್ಕಾಲು ಪಾಲು ಗುಣ ಕಂಡವರು ಚುಚ್ಚುಮದ್ದಿನವರಲ್ಲಿ ನೂರಕ್ಕೆ ಸುಮಾರು 80, ಮೆಥೊಟ್ರೆಕ್ಸೇಟಿನವರಲ್ಲಿ 36, ಹುಸಿಮದ್ದಿನವರಲ್ಲಿ 19. ಮೆಥೊಟ್ರೆಕ್ಸೇಟನ್ನು ಅಲ್ಪಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸಿದ್ದುದರಿಂದ ಅದರ ಪೂರ್ಣಶಕ್ತಿ ಇಲ್ಲಿ ಕಾಣಲಿಲ್ಲವೆಂಬ ವಾದವುಂಟು. ಆದರೂ ಅಂತರ ದೊಡ್ಡದು. ಕೊನೆಯ ಸಂಖ್ಯೆ ಎಲ್ಲಕ್ಕಿಂತ ಬೋಧಪ್ರದ. ಏನೂ ಇಲ್ಲದ ಮದ್ದಿನಿಂದ ಹತ್ತೊಂಬತ್ತು ಮಂದಿ ಚೇತರಿಸಿಕೊಂಡರು. ಈ ವ್ಯಾಧಿ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಇಳಿಯುವ ಕಾಲದಲ್ಲಿ ಯಾರ ಎಣ್ಣೆ ಹಚ್ಚಿದ್ದರೋ ಅವರಿಗೆ ಕೀರ್ತಿ ಬರುತ್ತದೆ.

ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಇಟೊಲಿಝುಮಾಬ್ ಎಂಬ ಚುಚ್ಚುಮದ್ದಿಗೆ 2013ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಅದರ ಪರೀಕ್ಷೆಯಲ್ಲಿ ಹನ್ನೆರಡು ವಾರಗಳಿಗೆ ಅದೇ ಮುಕ್ಕಾಲು ಪಾಲು ಗುಣ ಕಂಡವರು, ಎರಡು ಪ್ರಮಾಣಕ್ರಮಗಳಲ್ಲಿ, ನೂರಕ್ಕೆ 27 ಮತ್ತು 36. ಹುಸಿಮದ್ದಿನವರಲ್ಲಿ ಕೇವಲ ಇಬ್ಬರು. ಈ 36ನ್ನೂ ಮೇಲಿನ 36ನ್ನೂ ಪಕ್ಕದಲ್ಲಿಟ್ಟು ಎರಡು ಮದ್ದುಗಳೂ ಸಮವೆನ್ನುವವನು ಎಡವುತ್ತಾನೆ. ಒಂದು ಕಡೆ ಹುಸಿಮದ್ದಿಗೆ 19, ಇನ್ನೊಂದು ಕಡೆ 2 ಎಂದ ಮೇಲೆ ರೋಗಿಗಳೂ ಕಾಲಾವಧಿಯೂ ಬೇರೆ ಬೇರೆ. ಎರಡು ಊರುಗಳ ಸೇರಿನಲ್ಲಿ ಅಕ್ಕಿ ಅಳೆದು ಹೋಲಿಸಿದಂತಾಗುತ್ತದೆ. ಮದ್ದುಗಳು ಒಂದೇ ಅಂಗಳದಲ್ಲಿ ಸೆಣಸಬೇಕು. 2019ರಲ್ಲಿ ಗುಸೆಲ್ಕುಮಾಬ್ ಮತ್ತು ಸೆಕ್ಯುಕಿನುಮಾಬ್ ಹಾಗೆ ಸೆಣಸಿದುವು. 48 ವಾರಗಳಿಗೆ 'ಪ್ಯಾಸಿ 90' ಪಡೆದವರು ಕ್ರಮವಾಗಿ ನೂರಕ್ಕೆ 84 ಮತ್ತು 70. 2023ರ ಕಾಕ್ರೇನ್ ಸಮೀಕ್ಷೆಯು 179 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಇನ್‌ಫ್ಲಿಕ್ಸಿಮಾಬ್, ಬಿಮೆಕಿಝುಮಾಬ್, ಇಕ್ಸೆಕಿಝುಮಾಬ್, ರಿಸಾಂಕಿಝುಮಾಬ್ ಎಂಬ ನಾಲ್ಕನ್ನು ಮೇಲ್ಪಂಕ್ತಿಯಲ್ಲಿರಿಸಿತು.

ಬಲವೊಂದೇ ಗುಣವಲ್ಲ. ಎಫಾಲಿಝುಮಾಬ್ ಎಂಬ ಮದ್ದು 2003ರಲ್ಲಿ ಬಂದು, ಮಿದುಳಿಗೆ ತಗಲುವ ಮಾರಕ ಸೋಂಕಿಗೆ ಕಾರಣವಾಗುವುದೆಂದು ತಿಳಿದು, 2009ರಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಅಡಾಲಿಮುಮಾಬ್ ವರ್ಗದ ಮದ್ದುಗಳು ಮೈಯಲ್ಲಿ ಮಲಗಿರುವ ಕ್ಷಯವನ್ನು ಎಚ್ಚರಿಸಬಲ್ಲುವು. ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದುದರಿಂದಲೇ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಸೇವಿಸತಕ್ಕದ್ದು. ಅದನ್ನೇ ತಪ್ಪಿ ನಿತ್ಯವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಗರ್ಭಿಣಿಯರಿಗೆ ಅದು ಸರ್ವಥಾ ವರ್ಜ್ಯ. ಯಕೃತ್ತನ್ನೂ ರಕ್ತವನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಇನ್ನು ಬೇಗ ಗುಣ ತೋರಿಸುವ ಸ್ಟೀರಾಯ್ಡ್ ಮಾತ್ರೆಗಳು! ಕೆಲವೇ ದಿನಗಳಲ್ಲಿ ಚರ್ಮ ನುಣುಪಾಗುತ್ತದೆ. ನಿಲ್ಲಿಸಿದೊಡನೆ ರೋಗವು ಕೀವುಗುಳ್ಳೆಗಳ ರೂಪದಲ್ಲಿ ಇಮ್ಮಡಿಯಾಗಿ ಮರಳಬಹುದು. ಹೆಸರಿಲ್ಲದ ಪುಡಿ ಪೊಟ್ಟಣಗಳ ಪವಾಡದ ಹಿಂದೆ ಎಷ್ಟೋ ವೇಳೆ ಇದೇ ಇರುತ್ತದೆ.

ಕೊನೆಯದು ಹಣದ ಮಾತು. ಮೆಥೊಟ್ರೆಕ್ಸೇಟ್ ಅಗ್ಗ. ಅಡಾಲಿಮುಮಾಬಿನ ಪ್ರತಿರೂಪವನ್ನು 2014ರಲ್ಲಿ ಭಾರತದಲ್ಲಿಯೇ ತಯಾರಿಸಿದ ಮೇಲೆ ಬೆಲೆ ಇಳಿಯಿತಾದರೂ, ತಿಂಗಳ ಸಂಬಳದಲ್ಲಿ ಮನೆಬಾಡಿಗೆ, ಮಕ್ಕಳ ಫೀಜು ತೆಗೆದಿಟ್ಟು ಉಳಿದುದರಲ್ಲಿ ಅದು ಸುಲಭವಾಗಿ ಅಡಗುವುದಿಲ್ಲ. ನಡುವೆ ನಿಲ್ಲಿಸಿದರೆ ರೋಗ ಸಾಮಾನ್ಯವಾಗಿ ಹಿಂತಿರುಗುತ್ತದೆ. ಆರು ತಿಂಗಳು ಕೊಂಡು ಆಮೇಲೆ ಬಿಡಬೇಕಾಗುವ ನೂರಕ್ಕೆ 84ರ ಮದ್ದಿಗಿಂತ, ವರ್ಷಗಟ್ಟಲೆ ನಿಭಾಯಿಸಬಲ್ಲ ನೂರಕ್ಕೆ 36ರ ಮದ್ದು ಒಂದು ಸಂಸಾರಕ್ಕೆ ಹೆಚ್ಚು ಪರಿಣಾಮಕಾರಿಯಾಗಬಹುದು. ಕೀಲುಗಳಿಗೂ ವ್ಯಾಧಿ ಇಳಿದು ಬೆರಳುಗಳು ಸೊಟ್ಟಗಾಗುವ ಭಯವಿದ್ದರೆ ಸಾಲ ಮಾಡಿಯಾದರೂ ಬಲವಾದ ಮದ್ದನ್ನು ಹಿಡಿಯುವುದೇ ವಿವೇಕವಾಗಬಹುದು. ಈ ತೀರ್ಮಾನ ಯಾವ ಕೋಷ್ಟಕದಲ್ಲಿಯೂ ಅಚ್ಚಾಗಿರುವುದಿಲ್ಲ; ವೈದ್ಯನೂ ರೋಗಿಯೂ ಎದುರುಬದುರಾಗಿ ಕುಳಿತು ಮಾಡಬೇಕಾದದ್ದು. ಒಳ್ಳೆಯ ವೈದ್ಯನು ಅಂಕ ಎಷ್ಟು ಇಳಿಯಿತೆಂದು ನೋಡಿಕೊಂಡ ಮೇಲೆ, ಉಳಿದಿರುವ ಕಾಲು ಪಾಲು ಮೈಯ ಯಾವ ಜಾಗದಲ್ಲಿದೆ, ಅದರಿಂದ ಏನು ಕಷ್ಟವೆಂದೂ ಕೇಳುತ್ತಾನೆ.