ನಾಳೆ ಇರುವ ಯುದ್ಧ

‘ಟ್ರಾವೆಲರ್’ ಎಂಬ ಬಾಹ್ಯಾಕಾಶ ಆಟದಲ್ಲಿ ಕೊಟ್ಟ ಹಣಕ್ಕೆ, ಅಂದರೆ ಒಂದು ಲಕ್ಷ ಕೋಟಿ ಕ್ರೆಡಿಟ್‌ಗೆ, ನೌಕಾಪಡೆ ಕಟ್ಟಿ ಕಾದಾಡುವ ಪಂದ್ಯವೊಂದಿತ್ತು. 1981ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡಗ್ಲಾಸ್ ಲೆನಾಟ್, ತಾವೇ ಬರೆದ ‘ಯೂರಿಸ್ಕೋ’ ಪ್ರೋಗ್ರಾಮಿನ ನೆರವಿನಿಂದ 96 ಹಡಗುಗಳನ್ನು ತಂದರು. ಬಹುಪಾಲು ನಿಧಾನದವು, ಕವಚ ದಪ್ಪ, ಆಯುಧ ಸಣ್ಣದು. ನೋಡಿದವರು ನಕ್ಕಿರಬಹುದು, ಗೆದ್ದದ್ದು ಮಾತ್ರ ಅವೇ. ಮರುವರ್ಷ ನಿಯಮ ಬದಲಾಯಿತು. ಆಗ ಪೆಟ್ಟು ತಿಂದು ಪಡೆಯ ಚುರುಕು ತಗ್ಗಿಸುವ ತನ್ನದೇ ಹಡಗನ್ನು ತಾನೇ ನಾಶಮಾಡುವ ಉಪಾಯ ಹೂಡಿ ಯೂರಿಸ್ಕೋ ಮತ್ತೆ ಗೆದ್ದಿತು.

ಆ ಹಡಗಿನೊಳಗಿದ್ದವರ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅವರು ಕಾಗದದ ಜನ, ನಿಜ. ಆದರೆ ಯೂರಿಸ್ಕೋ ಕ್ರೂರಿಯೇನಲ್ಲ; ಒಂದೇ ಕಾಳಗದ ಪಂದ್ಯದಲ್ಲಿ ನಾಳೆ ಎಂಬುದೇ ಇಲ್ಲ. ಗೆಳೆಯರೊಡನೆ ತಿಂಗಳುಗಟ್ಟಲೆ ಆಡುವ ಕ್ಯಾಂಪೇನಿನಲ್ಲಿ ನಾಳೆ ಇದೆ: ಇಂಧನ ತರಬೇಕು, ರಿಪೇರಿ ಆಗಬೇಕು, ಮೂಲೆಯ ಗ್ರಹಕ್ಕೂ ಕಾವಲಿರಬೇಕು. “ವಾಸ್ತವಿಕ ಹಡಗು ಕಟ್ಟಿ” ಎಂದು ಆಟಗಾರರಿಗೆ ಉಪದೇಶ ಮಾಡಿ ಫಲವಿಲ್ಲ. ಕೊಟ್ಟ ಲೆಕ್ಕದಲ್ಲಿ ಗೆಲ್ಲುವುದೇ ಅವರ ಕೆಲಸ. ಲೆಕ್ಕಕ್ಕೆ ಏನನ್ನು ಸೇರಿಸಬೇಕೆಂಬುದು ನಿಯಮ ಬರೆಯುವವರ ಹೊಣೆ.

ನಾನು ನಡೆಸುವ ಆಟದಲ್ಲಿ ಸತ್ತ ನಾವಿಕರ ಜಾಗಕ್ಕೆ ಹೊಸಬರು ತರಬೇತಾಗಿ ಬರಲು ಆರು ಸುತ್ತು ಬೇಕು. ಆ ನಿಯಮ ಬಂದ ಮೇಲೆ ಎಲ್ಲರ ನಕ್ಷೆಯಲ್ಲೂ ಜೀವರಕ್ಷಕ ದೋಣಿಗಳು ಕಾಣಿಸಿಕೊಂಡಿವೆ.